ಹಗ್ಗ ಮುಟ್ಟಿದವರಿಗೆ ಪಾಲು

ಹೊಟ್ಟೆ ಇಲ್ಲದ ಮೀನು ಚಿತ್ರಾಕ್ಷಿಗೆ ಹೊಸತಲ್ಲ. ಮಲ್ಪೆಯ ಕಡಲ ಕರೆಯಲ್ಲಿ, ಮೊಗವೀರರ ಮನೆಯಲ್ಲಿ ಹುಟ್ಟಿದವಳು. ಬಲೆಗೆ ಬಿದ್ದ ಮೀನಿಗೆ ಯಾವುದೋ ದೊಡ್ಡ ಜೀವ ಬಾಯಿ ಹಾಕಿ ಬಿಟ್ಟದ್ದನ್ನು ಸಣ್ಣಂದಿನಲ್ಲೇ ಕಂಡಿದ್ದಳು. ಆದರೆ ಒಂದು ಪೆಟ್ಟಿಗೆಯಲ್ಲಿ ಅರ್ಧಕ್ಕರ್ಧ ಮೀನಿಗೆ ಹೊಟ್ಟೆಯೇ ಇಲ್ಲದ್ದನ್ನು ಅವಳು ನೋಡಿದ್ದು ಹಡರ್ಸ್‌ಫೀಲ್ಡ್ ಮಾರ್ಕೆಟ್ಟಿನಲ್ಲಿ, ಎರಡು ಸಾವಿರದ ಒಂದನೇ ಇಸವಿಯ ಫೆಬ್ರವರಿ ತಿಂಗಳ ಒಂದು ಶುಕ್ರವಾರ.

ಪೆಟ್ಟಿಗೆ ಇಳಿಸಿದವನು ಡೆನಿಸ್. ಪೂರ್ವದ ಕಡಲ ತಡಿಯ ಬ್ರಿಡ್ಲಿಂಗ್ಟನ್ನಿನಲ್ಲಿ ಅವನದೊಂದು ಸಣ್ಣ ದೋಣಿ. ವಾರಕ್ಕೆ ಎರಡು ಸಲ ಎರಡು ತಾಸಿನ ದಾರಿ ವ್ಯಾನ್ ಓಡಿಸಿಕೊಂಡು ಬಂದು ಅವಳ ಅಂಗಡಿಗೆ ಕಾಡ್ ಮೀನು ಹಾಕಿ ಹೋಗುತ್ತಿದ್ದ. ಅರವತ್ತರ ಹತ್ತಿರದ ಆಳು, ಕೆಂಪು ಮೋರೆ, ಮಾತು ಕಡಿಮೆ. ಅವಳನ್ನು ‘ಲವ್’ ಎಂದು ಕರೆಯುತ್ತಿದ್ದ. ಮೊದಮೊದಲು ಚಿತ್ರಾಕ್ಷಿಗೆ ಮೈಯೆಲ್ಲ ಉರಿದಿತ್ತು. ಆಮೇಲೆ ಬಸ್ಸಿನವನೂ ಅಂಚೆಯವನೂ ಹಲ್ಲಿಲ್ಲದ ಮುದುಕಿಯರೂ ಎಲ್ಲರನ್ನೂ ಹಾಗೆಯೇ ಕರೆಯುವುದನ್ನು ಕಂಡು, ನಮ್ಮ ಅಕ್ಕ, ತಂಗಿ ಇದ್ದ ಹಾಗೆ ಇವರಿಗೆ ಇದು ಎಂದು ಸಮಾಧಾನ ಮಾಡಿಕೊಂಡಳು. ತಾನೂ ಬಿಡದೆ ಅವನನ್ನು ‘ಡೆನಿಸಣ್ಣ’ ಎಂದು ಕರೆಯತೊಡಗಿದಳು. ಅದು ತನ್ನ ಹೆಸರನ್ನು ಇವಳ ದೇಶದವರು ಹೇಳುವ ರೀತಿ ಎಂದು ಅವನು ತಿಳಿದುಕೊಂಡಿದ್ದ.

ಆ ದಿನ ಅವನ ಮೋರೆ ಇನ್ನಷ್ಟು ಕೆಂಪಾಗಿತ್ತು. ಸೀಲ್ ತಿಂದದ್ದು ಎಂದ. ನಾಯಿಯಂಥ ಮುಖ, ಮೀನಿನಂಥ ಮೈ, ಆಳೆತ್ತರದ ಪ್ರಾಣಿ. ರಾತ್ರಿ ಬಲೆ ಬಿಟ್ಟು ಬಂದರೆ ಬೆಳಗಾಗುವಷ್ಟರಲ್ಲಿ ಬಲೆಯುದ್ದಕ್ಕೂ ಹೋಗಿ ಪ್ರತಿ ಮೀನಿನ ಹೊಟ್ಟೆ ಮಾತ್ರ ತಿನ್ನುತ್ತದೆ. ಮೀನಿನ ಯಕೃತ್ತು ಎಲ್ಲಿ, ಎಣ್ಣೆ ಎಲ್ಲಿ ಎಂದು ಅದಕ್ಕೆ ಡಾಕ್ಟರಿಗಿಂತ ಚೆನ್ನಾಗಿ ಗೊತ್ತು. ಉಳಿದದ್ದನ್ನು ಬಿಟ್ಟು ಹೋಗುತ್ತದೆ. ಇದನ್ನು ಬೆಕ್ಕಿಗೆ ಹಾಕು, ಇಲ್ಲವೇ ಬಿಸಾಡು ಎಂದು ಹೇಳಿ ಹೊರಟುಹೋದ.

ಬಿಸಾಡುವುದು ಚಿತ್ರಾಕ್ಷಿಯ ಜಾತಕದಲ್ಲೇ ಬರೆದಿರಲಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ತಲೆಯ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ ಬಂಗುಡೆ, ಬೂತಾಯಿ ಮಾರಿದವಳು. ಗಂಡ ಐತಪ್ಪ ಹಡಗಿನಲ್ಲಿ ಅಡಿಗೆಯವನಾಗಿ ಊರೂರು ಸುತ್ತಿ, ಕಡೆಗೆ ಹಡರ್ಸ್‌ಫೀಲ್ಡಿನ ಉಣ್ಣೆ ಮಿಲ್ಲಿನಲ್ಲಿ ಬಣ್ಣ ಹಾಕುವ ಕೆಲಸಕ್ಕೆ ನಿಂತು, ಎಂಬತ್ತೊಂದರಲ್ಲಿ ಅವಳನ್ನು ಕರೆಸಿಕೊಂಡಿದ್ದ. ಮಿಲ್ಲು ಮುಚ್ಚಿದ ಮೇಲೆ ಮಾರ್ಕೆಟ್ಟಿನಲ್ಲಿ ಈ ಮೀನಂಗಡಿ ಹಿಡಿದ. ತೊಂಬತ್ತಾರರಲ್ಲಿ ಅವನು ಎದೆನೋವಿನಿಂದ ಹೋದಾಗ ಎಲ್ಲರೂ ಅಂಗಡಿ ಕೊಡು, ಮನೆಯಲ್ಲಿ ಕೂತುಕೋ ಎಂದಿದ್ದರು. ಹದಿಮೂರನೇ ದಿನ ಕಳೆದ ಮಾರನೆಯ ಬೆಳಿಗ್ಗೆ ಅವಳು ಗಂಡನ ರಬ್ಬರ್ ಬೂಟಿಗೆ ಎರಡು ಜೊತೆ ಸಾಕ್ಸ್ ತುಂಬಿ, ಕಾಲಿಗೆ ಸರಿಮಾಡಿಕೊಂಡು, ಅಂಗಡಿಯ ಬಾಗಿಲು ತೆಗೆದಿದ್ದಳು. ಆ ಬೂಟು ಈಗಲೂ ಅವಳ ಕಾಲಿನಲ್ಲೇ ಇತ್ತು.

ಮಲ್ಪೆಯಲ್ಲಿ ಅವಳ ಅವ್ವ ಕಚ್ಚಿದ ಮೀನನ್ನು ಬುಟ್ಟಿಯ ಮೇಲೆಯೇ, ಕಚ್ಚಿದ ಭಾಗ ಕಾಣುವ ಹಾಗೆ ಇಡುತ್ತಿದ್ದಳು. ಕಡಲಿನ ಜೀವ ಹಳಸಿದ್ದಕ್ಕೆ ಬಾಯಿ ಹಾಕುವುದಿಲ್ಲ, ಕಚ್ಚು ಇದ್ದರೆ ಮೀನು ಜೀವಂತ ಇದ್ದಾಗಲೇ ಬಲೆಯಲ್ಲಿತ್ತು ಎಂದು ಲೆಕ್ಕ. ಕೊಳ್ಳುವವರಿಗೂ ಅದು ಗೊತ್ತು. ಚಿತ್ರಾಕ್ಷಿ ಅದೇ ಮಾಡಿದಳು. ಹೊಟ್ಟೆಯಿಲ್ಲದ ಕಾಡ್ ಮೀನುಗಳನ್ನು ಐಸಿನ ಮೇಲೆ ಎಲ್ಲಕ್ಕಿಂತ ಮುಂದೆ ಜೋಡಿಸಿ, ತನ್ನ ಮಾರ್ಕೆಟ್ ಇಂಗ್ಲಿಷಿನಲ್ಲಿ, ಸೀಲ್ ತಿಂದು ನೋಡಿ ಒಪ್ಪಿದ ಮೀನು, ಬನ್ನಿ ಬನ್ನಿ ಎಂದು ಕೂಗಿದಳು. ಊರಿನಲ್ಲಿ ಆಗಿದ್ದರೆ ಗಂಟೆಯೊಳಗೆ ಖಾಲಿ. ಇಲ್ಲಿ ಒಬ್ಬ ಹೆಂಗಸು ಮೂಗು ಮುಚ್ಚಿಕೊಂಡು ಸೀದಾ ಹೋಗಿ ದೂರು ಕೊಟ್ಟಳು.

ಮಂಗಳವಾರ ಕೌನ್ಸಿಲಿನ ಆರೋಗ್ಯದವರ ಕಡೆಯಿಂದ ಬಿಳಿ ಕೋಟಿನ ಒಬ್ಬ ಹುಡುಗಿ ಬಂದಳು. ಜೋರಿನವಳಲ್ಲ, ಮೆತ್ತಗೆ ಮಾತಾಡುವವಳು. ಆ ವರ್ಷ ದನಗಳಿಗೆ ಕಾಲುಬಾಯಿ ಜ್ವರ ಬಂದು ದೇಶಕ್ಕೆ ದೇಶವೇ ಹೆದರಿದ್ದ ಕಾಲ. ಪ್ರಾಣಿ ಬಾಯಿ ಹಾಕಿದ್ದು ಎಂದರೆ ಕೇಳಬೇಕೇ. ಚಿತ್ರಾಕ್ಷಿ ಅವ್ವನ ಲೆಕ್ಕವನ್ನು ಕೈ ಬಾಯಿ ಎರಡರಲ್ಲೂ ವಿವರಿಸಿದಳು. ಹುಡುಗಿ ಎಲ್ಲ ಕೇಳಿ, ತಲೆಯಾಡಿಸಿ, ಆ ಬೆಳಿಗ್ಗೆ ಬಂದಿದ್ದ ಕಚ್ಚಿದ ಮೀನೆಲ್ಲ ಕಸದ ಡಬ್ಬಕ್ಕೆ ಹಾಕಿಸಿ ಹೋದಳು. ಆಮೇಲೆ ಒಂದು ಕಾಗದ ಬಂತು. ಮಗಳು ಸ್ವಸ್ತಿಕಾ, ಹದಿನೇಳರವಳು, ಅದನ್ನು ಓದಿ ಹೇಳಿದಳು. ಅವಳಿಗೆ ತುಳು, ಕನ್ನಡ ಎಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

“ಇಟ್ಸ್ ಎ ವಾರ್ನಿಂಗ್, ಅಮ್ಮಾ.”

ಇನ್ನೊಂದು ಸಲ ಹೀಗಾದರೆ ಜೂನ್ ಕೊನೆಗೆ ಅಂಗಡಿಯ ಕರಾರು ಮುಂದುವರಿಸುವಾಗ ಯೋಚಿಸಬೇಕಾಗುತ್ತದೆ ಎಂದು ಅದರಲ್ಲಿತ್ತು. ಚಿತ್ರಾಕ್ಷಿ ಕಾಗದವನ್ನು ಮಡಿಸಿ ಅಕ್ಕಿ ಡಬ್ಬದ ಕೆಳಗೆ ಇಟ್ಟಳು. ಅಂಗಡಿ ಹೋದರೆ ಊಟಕ್ಕೇನೂ ಕೊರತೆಯಿಲ್ಲ. ಆದರೆ ಬೆಳಿಗ್ಗೆ ಎದ್ದು ಬೂಟು ಹಾಕಿಕೊಂಡು ಎಲ್ಲಿಗೆ ಹೋಗುವುದು?

ಬಿದ್ದವಳ ಮೇಲೆ ಮರ ಉರುಳಿದಂತೆ ಆ ವಾರದ ಶುಕ್ರವಾರ ಡೆನಿಸ್ ಇನ್ನೊಂದು ಸುದ್ದಿ ತಂದ. ಈಸ್ಟರ್ ಕಳೆದ ಮೇಲೆ ತಾನು ಬರುವುದಿಲ್ಲ, ದೋಣಿ ಮಾರುತ್ತೇನೆ ಎಂದ. ಒಂದೋ ಸೀಲ್ ಇರಬೇಕು, ಒಂದೋ ತಾನಿರಬೇಕು. ಚಿಕ್ಕಪ್ಪನ ಮಗನ ಕೋವಿ ಕೇಳಿ ತಂದಿದ್ದಾನಂತೆ. ಬಲೆಯ ಹತ್ತಿರಕ್ಕೆ ಬಂದದ್ದನ್ನು ಹೊಡೆಯಲು ಕಾನೂನಿನಲ್ಲಿ ದಾರಿ ಇದೆಯಂತೆ. ಅದೂ ಆಗದಿದ್ದರೆ ಮುಗಿಯಿತು.

ಡೆನಿಸನ ಮೀನಿಲ್ಲದಿದ್ದರೆ ಅವಳ ಅಂಗಡಿಯಲ್ಲಿ ಉಳಿಯುವುದು ಐಸು ಮಾತ್ರ. ಪಕ್ಕದ ದೊಡ್ಡ ಅಂಗಡಿಯವರು ಲಾರಿ ಲೆಕ್ಕದಲ್ಲಿ ತರಿಸುವ ಮೀನನ್ನು ಅವಳು ತರಿಸಿ ಗೆಲ್ಲುವ ಹಾಗಿರಲಿಲ್ಲ. ಅವಳ ಹತ್ತಿರ ಜನ ಬರುತ್ತಿದ್ದುದೇ ನಿನ್ನೆಯ ಕಡಲಿನ ಮೀನು ಇವತ್ತು ಸಿಗುತ್ತದೆ ಎಂದು. ನಾಲ್ಕು ವಾರ ಅವಳು ಯೋಚನೆ ಮಾಡಿದಳು. ಮಾರ್ಚ್ ಕೊನೆಯ ಶುಕ್ರವಾರ ಖಾಲಿ ಪೆಟ್ಟಿಗೆ ಎತ್ತಿ ಕೊಡುತ್ತಾ ಕೇಳಿದಳು.

“ಡೆನಿಸಣ್ಣ, ನನಗೆ ಒಮ್ಮೆ ಆ ಪ್ರಾಣಿಯನ್ನು ನೋಡ್ಲಿಕ್ಕೆ ಉಂಟು. ನಿನ್ನ ದೋಣಿಯಲ್ಲಿ ಕರ್ಕೊಂಡು ಹೋಗು.”

ಡೆನಿಸ್ ಪೆಟ್ಟಿಗೆಯನ್ನು ಮತ್ತೆ ಕೆಳಗಿಟ್ಟ. ಅವನ ಅಪ್ಪನ ಕಾಲದಲ್ಲಿ ದೋಣಿಗೆ ಹೆಂಗಸು ಹತ್ತಿದರೆ ಅಪಶಕುನ. ದಾರಿಯಲ್ಲಿ ಹೆಂಗಸು ಎದುರಾದರೂ ಆ ದಿನ ಕಡಲಿಗೆ ಇಳಿಯುತ್ತಿರಲಿಲ್ಲವಂತೆ. ಅವನು ಅದನ್ನು ಸಂಕೋಚದಿಂದ ಹೇಳಿದ. ಚಿತ್ರಾಕ್ಷಿಗೆ ನಗು ಬಂತು. ಅವಳ ಅಪ್ಪನ ಕಾಲದಲ್ಲೂ ಅದೇ. ಐವತ್ತು ವರ್ಷ ಮೀನಿನ ಜೊತೆ ಬಾಳಿದವಳು ಒಂದು ದಿನವೂ ದೋಣಿಗೆ ಕಾಲಿಟ್ಟವಳಲ್ಲ. ಹೆಂಗಸರದು ದಡ, ಗಂಡಸರದು ನೀರು.

“ನಿನ್ನ ಅಪ್ಪನೂ ಇಲ್ಲ, ನನ್ನ ಅಪ್ಪನೂ ಇಲ್ಲ,” ಎಂದಳು ಅವಳು. “ಬೈಯುವವರು ಯಾರು ಇದ್ದಾರೆ?”

ಹಾಗೆ ಅವಳು ಅವನ ವ್ಯಾನಿನಲ್ಲಿ ಹೋಗಿ, ಅವನ ಹೆಂಡತಿ ಹಾಸಿ ಕೊಟ್ಟ ಹಾಸಿಗೆಯಲ್ಲಿ ಮಲಗಿ, ಮಾರನೆಯ ಬೆಳಕು ಹರಿಯುವ ಹೊತ್ತಿಗೆ ದೋಣಿ ಹತ್ತಿದಳು. ಸೀರೆಯ ಮೇಲೆ ಡೆನಿಸನ ಹೆಂಡತಿಯ ಹಳದಿ ರೇನ್‌ಕೋಟು, ಕಾಲಿಗೆ ಐತಪ್ಪನ ಬೂಟು. ದೋಣಿ ಬಂದರಿನ ಗೋಡೆ ದಾಟಿದಾಗ ಹಿಂದಿನ ದಡ ಒಂದು ಸಲ ಮುಳುಗಿ ಮತ್ತೆ ಎದ್ದಿತು. ಅಪ್ಪ, ಅಣ್ಣಂದಿರು ದಿನಾ ಇದನ್ನೇ ಕಂಡರಲ್ಲ, ನನಗೆ ಒಂದು ಮಾತೂ ಹೇಳಲಿಲ್ಲವಲ್ಲ ಎಂದು ಸತ್ತವರ ಮೇಲೆ ಸಣ್ಣ ಸಿಟ್ಟೂ ಬಂತು.

ಬಲೆಯ ತೇಲುಗುಂಡಿನ ಹತ್ತಿರ ಬಂದಾಗ ಅವು ಇದ್ದವು. ಕಪ್ಪು ನೀರಿನಲ್ಲಿ ನಾಲ್ಕು ತಲೆ. ಮುಳುಗೆದ್ದ ಬೋಳುತಲೆಯ ಮುದುಕರ ಹಾಗೆ, ಮೀಸೆಯಿಂದ ನೀರು ಸುರಿಸುತ್ತಾ, ದೊಡ್ಡ ದೊಡ್ಡ ಒದ್ದೆ ಕಣ್ಣಿನಿಂದ ದೋಣಿಯನ್ನೇ ನೋಡುತ್ತಿದ್ದವು. ಒಂದರ ಮೋರೆ ಐತಪ್ಪನ ದೊಡ್ಡಪ್ಪನ ಹಾಗೆಯೇ ಇತ್ತು. ಊಟಕ್ಕೆ ಕರೆದವರು ಇನ್ನೂ ಎಲೆ ಹಾಕಲಿಲ್ಲವಲ್ಲ ಎಂದು ಕೂತ ನೆಂಟರ ಹಾಗೆ.

ಡೆನಿಸ್ ಕೋವಿ ಎತ್ತಿದ. ಅವಳು ಕಿವಿ ಮುಚ್ಚಿಕೊಂಡಳು. ಗುಂಡು ನೀರಿಗೆ ಬಿತ್ತು. ನಾಲ್ಕು ತಲೆಯೂ ಮುಳುಗಿದವು. ಸ್ವಲ್ಪ ಹೊತ್ತಿಗೆ ದೋಣಿಯ ಆಚೆ ಪಕ್ಕದಲ್ಲಿ, ಇನ್ನೂ ಹತ್ತಿರದಲ್ಲಿ ಎದ್ದವು; ಈಗ ಐದು ಇದ್ದವು. ಡೆನಿಸ್ ಹುಟ್ಟಿನಿಂದ ಈ ಕಡಲಿನಲ್ಲಿ ಇದ್ದವನು, ಮೀನು ಬಿಟ್ಟು ಬೇರೆ ಜೀವವನ್ನು ಕೊಂದವನಲ್ಲ. ಕೋವಿಯನ್ನು ಮೂಲೆಗೆ ಒರಗಿಸಿ, ಕೆಟ್ಟದಾಗಿ ಏನೋ ಬೈದುಕೊಂಡು, ಬಲೆ ಎಳೆಯತೊಡಗಿದ.

ಬಲೆ ಯಾವಾಗ ಹಾಕಿದ್ದು ಎಂದು ಅವಳು ಕೇಳಿದಳು. ಗುರುವಾರ ಸಂಜೆ ಎಂದ. ಇವತ್ತು ಶನಿವಾರ. ಚಿತ್ರಾಕ್ಷಿ ಗಲ್ಲಕ್ಕೆ ಕೈ ಇಟ್ಟಳು. ಎರಡು ರಾತ್ರಿ ಬಡಿಸಿಟ್ಟು ಮನೆಗೆ ಹೋಗಿ ಮಲಗಿದರೆ ಯಾರು ತಾನೇ ತಿನ್ನುವುದಿಲ್ಲ? ಬಲೆ ಬಿಟ್ಟು ಮಲಗಿದವನ ಮೀನು ಕಡಲಿನದು ಎಂದು ಅವಳ ಅಪ್ಪ ಹೇಳುತ್ತಿದ್ದುದು ನೆನಪಾಯಿತು. ಅವಳು ಅದನ್ನು ಹೇಳಿದಳು. ಮೊದಲು ಹೀಗಿರಲಿಲ್ಲ ಎಂದು ಗೊಣಗಿದ ಡೆನಿಸ್, ಬಲೆ ಎಳೆಯುತ್ತಲೇ ತುಂಡು ತುಂಡಾಗಿ ಉಳಿದದ್ದನ್ನೂ ಹೇಳಿದ. ಅವನ ಅಪ್ಪನ ಕಾಲದಲ್ಲಿ ಸೀಲ್ ಇಷ್ಟಿರಲಿಲ್ಲ ಎಂಬುದು ನಿಜ, ಆದರೆ ಮೀನು ಎಲ್ಲರಿಗೂ ಸಾಕಷ್ಟಿತ್ತು ಎಂಬುದೂ ನಿಜ. ಕಡಲಡಿಯ ಮರಳಿನಲ್ಲಿ ಕಿರುಬೆರಳಿನಷ್ಟು ಸಪೂರದ, ಬೆಳ್ಳಿ ಬಣ್ಣದ ಸ್ಯಾಂಡ್ ಈಲ್ ಎಂಬ ಮೀನುಂಟು. ಕಾಡ್ ತಿನ್ನುವುದೂ ಅದನ್ನೇ, ಸೀಲ್ ತಿನ್ನುವುದೂ ಅದನ್ನೇ. ಹಿಂದಿನ ವರ್ಷ ಯೂನಿವರ್ಸಿಟಿಯ ಒಬ್ಬಳು ಬಂದು, ದಡದಿಂದ ಸೀಲಿನ ಹೇಲನ್ನು ಚೀಲದಲ್ಲಿ ತುಂಬಿಕೊಂಡು ಹೋಗಿ, ತೊಳೆದು, ಅದರಲ್ಲಿ ಕರಗದೆ ಉಳಿದ, ಯಾವ ಮೀನು ಎಂದು ತಿಳಿಸುವ ಕಿವಿಯ ಸಣ್ಣ ಕಲ್ಲುಗಳನ್ನು ಎಣಿಸಿದಳಂತೆ. ಹೆಚ್ಚಿನದು ಸ್ಯಾಂಡ್ ಈಲಿನದೇ ಇತ್ತಂತೆ. ಆ ಸಣ್ಣ ಮೀನನ್ನು ದೊಡ್ಡ ದೊಡ್ಡ ಹಡಗಿನವರು ಗೋರಿಕೊಂಡು ಹೋಗಿ ಒಣಗಿಸಿ ಪುಡಿ ಮಾಡುತ್ತಾರೆ, ಹಂದಿಗೆ, ಸಾಕಿದ ಮೀನಿಗೆ ಹಾಕಲು.

ಅದನ್ನು ಕೇಳಿದಾಗ ಚಿತ್ರಾಕ್ಷಿಗೆ ಸೀಲಿನ ಕತೆ ಪೂರ್ತಿ ಅರ್ಥವಾಯಿತು. ಅದು ಅವಳದೇ ಮನೆಯ ಕತೆ. ಅವಳ ಅಪ್ಪ ರಂಪಣಿ ಬಲೆಯ ತಂಡದವರು. ಮೈಲು ಉದ್ದದ ಬಲೆಯನ್ನು ದೋಣಿಯಲ್ಲಿ ಕೊಂಡುಹೋಗಿ ಕಡಲಿನಲ್ಲಿ ಅರ್ಧಚಂದ್ರ ಬಿಟ್ಟು, ಎರಡು ತುದಿಯ ಹಗ್ಗವನ್ನು ದಡದಿಂದ ನೂರಾರು ಜನ ಎಳೆಯುತ್ತಿದ್ದರು. ದಡದಲ್ಲಿ ಪಾಲು. ಎಳೆದವನಿಗೆ ಪಾಲು, ಸುಮ್ಮನೆ ಹಗ್ಗಕ್ಕೆ ಕೈ ಮುಟ್ಟಿಸಿದ ಮುದುಕನಿಗೆ, ಗಂಡ ಸತ್ತವಳಿಗೆ, ದಾರಿಹೋಕನಿಗೂ ಪಾಲು. ಮೊದಲ ಹಿಡಿ ಮೀನು ಮೇಲೆ ಸುತ್ತುವ ಗಿಡುಗಗಳಿಗೆ. ಅವೂ ಮೀನಿನ ಹಿಂಡು ತೋರಿಸಿದವಲ್ಲ! ಆಮೇಲೆ ಇಂಜಿನ್ ದೋಣಿ, ದೊಡ್ಡ ಬಲೆ ಬಂದವು. ಮೀನು ದಡಕ್ಕೆ ಬರುವ ಮುಂಚೆಯೇ ಹಿಡಿದು ಗೊಬ್ಬರದ ಫ್ಯಾಕ್ಟರಿಗೆ ಕೊಂಡುಹೋದರು. ಊರೊಳಗೆ ಜಗಳ, ಹೊಡೆದಾಟ. ಅಪ್ಪನ ಬಲೆ ಮನೆಯ ಅಟ್ಟದ ಮೇಲೆ ಇಲಿ ಕಡಿದು ಹೋಯಿತು. ಅಪ್ಪನ ಪಾಲು ತಿಂದದ್ದು ಯಾವ ಪ್ರಾಣಿಯೂ ಅಲ್ಲ.

ಇಷ್ಟನ್ನೂ ತನ್ನ ಮಾರ್ಕೆಟ್ ಇಂಗ್ಲಿಷಿನಲ್ಲಿ ಹೇಳಲು ಅವಳಿಗೆ ಬರುತ್ತಿರಲಿಲ್ಲ. ಅವಳು ಸೀಲಿನ ಕಡೆ ಕೈ ತೋರಿಸಿ, “ಡೆನಿಸಣ್ಣ, ನಮ್ಮಲ್ಲಿ ಹಗ್ಗ ಮುಟ್ಟಿದವರಿಗೆ ಪಾಲು ಉಂಟು,” ಎಂದಳು. “ಇವೂ ಮುಟ್ಟಿವೆ ಅಲ್ವಾ? ಆದರೆ ಪಾಲು ಕೊಡುದು ನೀನು. ಅವು ತಾವಾಗಿ ಬಡಿಸಿಕೊಳ್ಳುವ ಹಾಗೆ ಬಿಟ್ಟದ್ದು ನಿನ್ನ ತಪ್ಪು.”

ಡೆನಿಸ್ ಬಲೆಯ ಇನ್ನೊಂದು ಮಾರು ಮೇಲೆ ತಂದ. ಅದರಲ್ಲಿ ಬಂದ ಒಂದು ದೊಡ್ಡ ಏಡಿಯ ಕಾಲು ಬಲೆಯ ಕಣ್ಣಿಗೆ ಸಿಕ್ಕಿಹಾಕಿಕೊಂಡಿತ್ತು. ಬಿಡಿಸುವ ತಾಳ್ಮೆಯಿಲ್ಲದೆ ಮರದ ಸುತ್ತಿಗೆ ತೆಗೆದು ಒಂದೇ ಏಟಿಗೆ ಅದರ ಬೆನ್ನು ಒಡೆದು ಕಡಲಿಗೆ ಎಸೆದ. ಇನ್ನೊಂದು ಬಂತು. ಸುತ್ತಿಗೆ ಎತ್ತಿದ ಕೈಯನ್ನು ಚಿತ್ರಾಕ್ಷಿ ಹಿಡಿದಳು.

“ಮಾರಾಯಾ, ಎಂತ ಮಾಡ್ತಿ? ಏಡಿಯನ್ನಾ ಬಿಸಾಡುದು?”

ಇಪ್ಪತ್ತು ವರ್ಷದಿಂದ ಅವಳು ನಡೆಯುವ ಏಡಿಯನ್ನು ನೋಡಿರಲಿಲ್ಲ. ಇದು ಊರಿನ ಏಡಿಗಿಂತ ಮೂರು ಪಾಲು ದೊಡ್ಡದು, ಕಂದು ಬಣ್ಣ, ಮುಂಗಾಲಿನ ಇಕ್ಕಳ ಕೋಣನ ಕೊಂಬಿನ ಹಾಗೆ. ಅವಳು ಬಲೆಯ ಕಣ್ಣಿನಿಂದ ಅದರ ಒಂದೊಂದೇ ಕಾಲು ಬಿಡಿಸಿದಳು. ಬೆರಳುಗಳು ಮರೆತಿರಲಿಲ್ಲ. ಈ ಊರಿನವರು ಇದನ್ನು ಬಿಡಿಸಿ ತಿನ್ನುವ ಗೋಜಿಗೆ ಹೋಗುವುದಿಲ್ಲ, ಹೊರದೇಶಕ್ಕೆ ಕೊಂಡುಹೋಗುವ ಲಾರಿ ಬರುವುದು ನಿಂತು ಆರು ವರ್ಷವಾಯಿತು ಎಂದ ಡೆನಿಸ್. ಅವನ ಅಪ್ಪ ಏಡಿ ಹಿಡಿಯುವವರೇ ಆಗಿದ್ದರು. ಒಳಗೆ ಮೀನಿನ ತುಂಡು ಇಟ್ಟು ಕಡಲಡಿಗೆ ಇಳಿಸುವ ಇನ್ನೂರು ಏಡಿ ಬುಟ್ಟಿಗಳು ಶೆಡ್ಡಿನಲ್ಲಿ ಜೇಡರಬಲೆ ಕಟ್ಟಿ ಬಿದ್ದಿವೆ.

ಸೀಲ್ ಏಡಿ ಬುಟ್ಟಿಗೆ ಬರುವುದಿಲ್ಲವೇ ಎಂದು ಕೇಳಿದಳು. ಒಳಗಿನ ಮೀನಿನ ತುಂಡು ಕದಿಯಲು ಎಲ್ಲೋ ಒಂದು ಸಲ ಬಂದೀತು, ಏಡಿಯ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ ಎಂದ. ಹೇಳುತ್ತಾ ಹೇಳುತ್ತಾ ಅವನೇ ನಿಧಾನವಾದ.

“ಯಾರು ಕೊಳ್ತಾರೆ, ಲವ್?”

“ಅದು ನನ್ನ ಕೆಲಸ.”

ಆ ದಿನ ಹನ್ನೊಂದು ಏಡಿ ಬಕೆಟ್ಟಿನಲ್ಲಿ ಹಡರ್ಸ್‌ಫೀಲ್ಡಿಗೆ ಬಂದವು. ಮನೆಗೆ ಬಂದವಳೇ ಚಿತ್ರಾಕ್ಷಿ ಡರ್ಬಿಗೆ ಫೋನ್ ಮಾಡಿದಳು. ಅಲ್ಲಿ ಹೇಮಲತಾ ಎಂಬ ಕುಂದಾಪುರದ ಹೆಣ್ಣು ಮಗಳಿದ್ದಳು, ಆಸ್ಪತ್ರೆಯಲ್ಲಿ ನರ್ಸ್, ಗಂಡ ವಿಮಾನದ ಇಂಜಿನ್ ಕಾರ್ಖಾನೆಯಲ್ಲಿ. ಕನ್ನಡ ಸಂಘದಲ್ಲಿ ಪರಿಚಯ. ಸಂಘದಲ್ಲಿ ಸಸ್ಯಾಹಾರಿಗಳೇ ಹೆಚ್ಚಾದ್ದರಿಂದ ಇವರಿಬ್ಬರು ಮೀನಿನ ವಿಷಯವನ್ನು ಅಡಿಗೆಮನೆಯ ಮೂಲೆಯಲ್ಲಿ, ಕದ್ದ ಮಾಲಿನ ಹಾಗೆ, ಪಿಸುಪಿಸು ಮಾತಾಡುತ್ತಿದ್ದರು. ಜೀವ ಇರುವ ಏಡಿ ಬಂದಿದೆ ಎಂದು ಚಿತ್ರಾಕ್ಷಿ ಹೇಳಿದಳು.

“ಚಿತ್ರಕ್ಕ, ತಮಾಷೆ ಮಾಡಬೇಡಿ,” ಎಂದಳು ಹೇಮಲತಾ. “ನಾನು ಡ್ಯೂಟಿಯಿಂದ ಈಗ ಬಂದದ್ದು, ಅತ್ತುಬಿಡ್ತೇನೆ.”

ಭಾನುವಾರ ಮಧ್ಯಾಹ್ನ ಅವಳು ಗಂಡನನ್ನು ಕಟ್ಟಿಕೊಂಡು ಕಾರಿನಲ್ಲಿ ಬಂದೇಬಿಟ್ಟಳು. ಆರು ಏಡಿ ಅಲ್ಲೇ ಕಾಯಿ ಮಸಾಲೆಯ ಸುಕ್ಕ ಆಯಿತು. ಉಳಿದ ಐದನ್ನು ಹೇಮಲತಾ ಡರ್ಬಿಗೆ ಕೊಂಡುಹೋದಳು. ಮುಂದಿನ ವಾರ ಲೀಡ್ಸಿನಿಂದ ಎರಡು ಮನೆಯವರು, ಲೆಮಿಂಗ್ಟನ್ನಿನಿಂದ ಕಂಪ್ಯೂಟರ್ ಆಟ ಮಾಡುವ ಕಂಪನಿಯ ಒಬ್ಬ ಮಂಗಳೂರಿನ ಹುಡುಗ. ಅವನಿಗೆ ಏಡಿ ತಿನ್ನಲು ಗೊತ್ತು, ಹಿಡಿಯಲು ಗೊತ್ತಿಲ್ಲ. ಚೀಲವನ್ನು ಮೈಯಿಂದ ಮಾರು ದೂರ ಹಿಡಿದುಕೊಂಡು ರೈಲು ಹತ್ತಿದ. ಆಮೇಲೆ ಮಾರ್ಕೆಟ್ಟಿನ ಆಸುಪಾಸಿನ ಬಂಗಾಳಿಗಳಿಗೆ, ಚೀನಾದವರಿಗೆ ಸುದ್ದಿ ಮುಟ್ಟಿತು. ಅಷ್ಟಾದ ಮೇಲೆ ಕೇಳುವುದೇ ಬೇಡ.

ಡೆನಿಸ್ ಈಸ್ಟರಿಗೆ ದೋಣಿ ಮಾರಲಿಲ್ಲ. ಶೆಡ್ಡಿನಿಂದ ಮೊದಲು ನಲವತ್ತು ಬುಟ್ಟಿ ತೆಗೆದ, ಮೇ ತಿಂಗಳಿಗೆ ನೂರಾಯಿತು. ಹರಿದ ಬುಟ್ಟಿಗಳನ್ನು ವ್ಯಾನಿನಲ್ಲಿ ಹಾಕಿಕೊಂಡು ಬರುತ್ತಿದ್ದ. ಚಿತ್ರಾಕ್ಷಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಸ್ಟೂಲಿನ ಮೇಲೆ ಕೂತು ಅವುಗಳ ಬಲೆ ಹೆಣೆದು ಕೊಡುತ್ತಿದ್ದಳು. ಬಲೆ ಪೂರ್ತಿ ಬಿಡಲಿಲ್ಲ ಅವನು. ಆದರೆ ಎರಡೇ ಬಲೆ, ಹಾಕಿದ ಮೇಲೆ ಅಲ್ಲೇ ಸುತ್ತ ಬುಟ್ಟಿ ಎತ್ತುತ್ತಾ ಇದ್ದು, ಅದೇ ಉಬ್ಬರ ಇಳಿಯುವುದರೊಳಗೆ ಎಳೆಯುವುದು. ಮೀನು ಕಡಿಮೆ, ಬಂದದ್ದಕ್ಕೆ ಹೊಟ್ಟೆ ಇರುತ್ತಿತ್ತು. ಪೆಟ್ಟಿಗೆಗೆ ಒಂದೋ ಎರಡೋ ಕಚ್ಚಿದ್ದು ಆಗಲೂ ಬರುತ್ತಿತ್ತು. ಅದನ್ನು ಅವನು ದೋಣಿಯಿಂದಲೇ ಮತ್ತೆ ಆ ಬೋಳುತಲೆಗಳ ಕಡೆಗೆ ಎಸೆದುಬಿಡುತ್ತಿದ್ದ. ಕೋವಿ ಚಿಕ್ಕಪ್ಪನ ಮಗನ ಮನೆಗೆ ವಾಪಸು ಹೋಯಿತು. ಬಂದರಿನ ಉಳಿದವರು ಅವನನ್ನು ನೋಡಿ ನಗುತ್ತಿದ್ದರು. ಜುಲೈ ಹೊತ್ತಿಗೆ ಅವರಲ್ಲೇ ಇಬ್ಬರು, ನಿನ್ನ ಆ ಹೆಂಗಸಿಗೆ ಇನ್ನೂ ಏಡಿ ಬೇಕಾ ಎಂದು ಕೇಳಿದರು.

ಜೂನಿನಲ್ಲಿ ಬಿಳಿ ಕೋಟಿನ ಹುಡುಗಿ ಮತ್ತೆ ಬಂದಳು. ಸ್ವಸ್ತಿಕಾ ಕಾಲೇಜಿನ ರಜೆಯೆಂದು ಅಂಗಡಿಯಲ್ಲೇ ಇದ್ದಳು. ಹುಡುಗಿ ಐಸು ಮುಟ್ಟಿದಳು, ಹಲಗೆ ನೋಡಿದಳು, ಚೂರಿ ನೋಡಿದಳು. ಕಡೆಗೆ ತೊಟ್ಟಿಯ ಒದ್ದೆ ಗೋಣಿಯ ಮೇಲೆ ಒಂದರ ಮೇಲೊಂದು ಹತ್ತಿ ಗುದ್ದಾಡುತ್ತಿದ್ದ ಏಡಿಗಳ ಮುಂದೆ ನಿಂತು, ಇವು ಯಾವತ್ತಿನವು ಎಂದು ಕೇಳಿದಳು. ಅಮ್ಮ ಹೇಳಿದ್ದನ್ನು ಸ್ವಸ್ತಿಕಾ ಇಂಗ್ಲಿಷಿಗೆ ತಿರುಗಿಸಿದಳು.

“ಅವನ್ನೇ ಕೇಳು ಅಂತ ಹೇಳು. ಬಾಯಿ ಇದೆ, ಕೈ ಇದೆ.”

ಹುಡುಗಿ ನಗು ತಡೆದುಕೊಂಡು ಏನೋ ಬರೆದುಕೊಂಡಳು. ಹೊರಡುವಾಗ, ಇದನ್ನು ಬೇಯಿಸುವುದು ಹೇಗೆ ಎಂದು ಕೇಳಿದಳು. ಚಿತ್ರಾಕ್ಷಿ ಕಾಯಿ ಹುರಿಯುವಲ್ಲಿಂದ ಹಿಡಿದು ಹೇಳತೊಡಗಿದಾಗ ಸ್ವಸ್ತಿಕಾ ನಡುವೆ ಬಾಯಿ ಹಾಕಿ, ಉಪ್ಪು ನೀರಿನಲ್ಲಿ ಇಪ್ಪತ್ತು ನಿಮಿಷ ಎಂದು ಮುಗಿಸಿದಳು. ಜೂನ್ ಮೂವತ್ತಕ್ಕೆ ಕರಾರಿನ ಕಾಗದ ಬಂತು. ಇನ್ನು ಮೂರು ವರ್ಷ. ಅಕ್ಕಿ ಡಬ್ಬದ ಕೆಳಗಿದ್ದ ಹಳೆಯ ಕಾಗದ ತೆಗೆದು ಇದನ್ನು ಅಲ್ಲಿ ಇಟ್ಟಳು.

ಆಗಸ್ಟಿನಲ್ಲಿ ನೂಲ ಹುಣ್ಣಿಮೆ ಬಂತು. ಊರಿನಲ್ಲಿ ಆ ಹೊತ್ತಿಗೆ ಕಡಲಿಗೆ ಹಾಲೆರೆದು, ತೆಂಗಿನಕಾಯಿ ಬಿಟ್ಟು, ಮಳೆಗಾಲ ಪೂರ್ತಿ ದಡದಲ್ಲಿ ಮಲಗಿದ್ದ ದೋಣಿಗಳನ್ನು ನೀರಿಗಿಳಿಸುತ್ತಾರೆ. ಚಿತ್ರಾಕ್ಷಿ ಲೀಡ್ಸಿನಿಂದ ಒಂದು ಒಳ್ಳೆಯ ಕಾಯಿ ತರಿಸಿ, ಎರಡನೇ ಸಲ ಡೆನಿಸನ ದೋಣಿ ಹತ್ತಿದಳು. ಈ ಸಲ ಸ್ವಸ್ತಿಕಾಳೂ ಜೊತೆಗಿದ್ದಳು, ಡೆನಿಸನ ಹೆಂಡತಿಯೂ. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಅವಳು ಗಂಡನ ದೋಣಿ ಹತ್ತಿದ್ದು ಅದೇ ಮೊದಲಂತೆ.

ಬುಟ್ಟಿ ಹಾಕಿದ ಜಾಗಕ್ಕೆ ಬಂದು ಚಿತ್ರಾಕ್ಷಿ ಲೋಟದಿಂದ ಹಾಲು ಹೊಯ್ದಳು. ಕಾಯಿಗೆ ಕುಂಕುಮ ಹಚ್ಚಿ ಮೆಲ್ಲನೆ ನೀರಿಗೆ ಬಿಟ್ಟಳು. ಅದು ತೇಲುತ್ತಾ ಹತ್ತು ಮಾರು ಹೋಗಿರಬೇಕು, ಅದರ ಪಕ್ಕದಲ್ಲಿ ಇನ್ನೊಂದು ಕಾಯಿ ಎದ್ದಿತು. ಮೀಸೆ ಇತ್ತು. ಐತಪ್ಪನ ದೊಡ್ಡಪ್ಪನ ಮೋರೆಯದೇ. ಮೂಗಿನಿಂದ ಕಾಯಿಯನ್ನು ಒಮ್ಮೆ ನೂಕಿತು, ಮೂಸಿತು, ಇನ್ನೊಮ್ಮೆ ನೂಕಿತು. ತನಗೆ ಹಿಡಿಸುವ ಸಾಮಾನಲ್ಲ ಎಂದು ಗೊತ್ತಾಗಿ ದೋಣಿಯ ಕಡೆ ತಿರುಗಿ ನೋಡಿತು.

“ಅದಕ್ಕೆ ಇವತ್ತಿನ ಪಾಲು ಬರಲಿಲ್ಲ, ಲವ್,” ಎಂದ ಡೆನಿಸ್.

ಆ ಬೆಳಿಗ್ಗೆ ಬಿಟ್ಟ ಬಲೆ ಇನ್ನೂ ಎಳೆದಿರಲಿಲ್ಲ. ಚಿತ್ರಾಕ್ಷಿ ರೇನ್‌ಕೋಟಿನ ತೋಳು ಮೇಲೆ ಸರಿಸಿ ಹಗ್ಗಕ್ಕೆ ಕೈ ಹಾಕಿದಳು. ಪಕ್ಕದಲ್ಲಿ ಡೆನಿಸನ ಹೆಂಡತಿ ಹಿಡಿದಳು. ಸ್ವಸ್ತಿಕಾ ಒದ್ದೆ ಹಗ್ಗವನ್ನು ಎರಡು ಬೆರಳಿನಲ್ಲಿ ಮುಟ್ಟಿ, ಮುಖ ಸಿಂಡರಿಸಿ, ಆಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾಲ್ಕು ಜನ ಎಳೆದ ಆ ಬಲೆಯಲ್ಲಿ ಮೊದಲು ಬಂದದ್ದು ಒಂದು ಸಣ್ಣ ಕಾಡ್ ಮೀನು, ಹೊಟ್ಟೆಯೆಲ್ಲ ಸರಿಯಾಗಿದ್ದದ್ದು. ಡೆನಿಸ್ ಅದನ್ನು ಬಲೆಯ ಕಣ್ಣಿನಿಂದ ಬಿಡಿಸಿದ, ಪೆಟ್ಟಿಗೆಗೆ ಹಾಕಲಿಲ್ಲ. ಒಂದು ಸಲ ಚಿತ್ರಾಕ್ಷಿಯ ಮುಖ ನೋಡಿ, ಆ ಮೀಸೆಯ ಮೋರೆ ಇದ್ದ ಕಡೆಗೆ ಎಸೆದ.